ಪಾಯಿಂಟ್ ಲೆಕ್ಕಕ್ಕೆ ಸಿಗದ ಕಿರಿಲೆಂಕೊ

ಆಂದ್ರೇ ಕಿರಿಲೆಂಕೊ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಯಾವ ಸೀಸನ್‌ನಲ್ಲೂ ಪಂದ್ಯಕ್ಕೆ ಸರಾಸರಿ 17 ಪಾಯಿಂಟ್ ಮುಟ್ಟಲಿಲ್ಲ. ಆದರೂ ರಷ್ಯಾದ ಬಾಸ್ಕೆಟ್‌ಬಾಲ್ ಮಾತು ಬಂದರೆ ಮೊದಲು ಬರುವುದು ಅವರದೇ ಹೆಸರು. ಯಾಕೆ ಅಂತ ತಿಳಿಯಲು 2006ರ ಜನವರಿ 3ರ ಪಂದ್ಯ ಸಾಕು. ಯೂಟಾ ಜಾಝ್ ಪರ ಲೇಕರ್ಸ್ ವಿರುದ್ಧ ಅವರು ಗಳಿಸಿದ್ದು ಬರೀ 14 ಪಾಯಿಂಟ್. ಅದರ ಜೊತೆಗೆ 8 ರಿಬೌಂಡ್ (ಗುರಿ ತಪ್ಪಿ ಮರಳಿದ ಚೆಂಡು ಹಿಡಿಯುವುದು), 9 ಅಸಿಸ್ಟ್ (ಜೊತೆಗಾರನ ಪಾಯಿಂಟ್‌ಗೆ ನೆರವಾದ ಪಾಸ್), 6 ಸ್ಟೀಲ್ (ಎದುರಾಳಿಯಿಂದ ಚೆಂಡು ಕಸಿಯುವುದು), 7 ಬ್ಲಾಕ್ (ಎದುರಾಳಿಯ ಎಸೆತ ತಡೆಯುವುದು). ಐದೂ ವಿಭಾಗಗಳಲ್ಲಿ ಕನಿಷ್ಠ ಐದು ಮುಟ್ಟುವ ಇಂಥ ಆಟಕ್ಕೆ 'ಫೈವ್ ಬೈ ಫೈವ್' ಎನ್ನುತ್ತಾರೆ. ಎಷ್ಟೋ ದೊಡ್ಡ ಆಟಗಾರರಿಗೆ ಇದು ಒಮ್ಮೆಯೂ ದಕ್ಕಿಲ್ಲ. ಕಿರಿಲೆಂಕೊ ಮೂರು ಸಲ ಮಾಡಿದರು, ಅದರಲ್ಲಿ ಎರಡು 2003ರ ಡಿಸೆಂಬರ್‌ನ ಒಂದೇ ವಾರದ ಅಂತರದಲ್ಲಿ.

ಹುಟ್ಟಿದ್ದು 1981ರಲ್ಲಿ, ಇಝೆವ್‌ಸ್ಕ್‌ನಲ್ಲಿ. ಕಲಾಶ್ನಿಕೋವ್ ಬಂದೂಕು ತಯಾರಾಗುವ ಊರು ಅದು. ಹೆಸರಿನ ಮೊದಲಕ್ಷರ ಎ, ಕೆ. ಜೆರ್ಸಿ ನಂಬರ್ 47. ಅಡ್ಡಹೆಸರು ಹುಡುಕುವ ಕಷ್ಟವೇ ಇರಲಿಲ್ಲ ಬಿಡಿ. ಬೆಳೆದದ್ದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ಹದಿಹರೆಯದಲ್ಲೇ ಅಲ್ಲಿನ ಸ್ಪಾರ್ಟಕ್ ತಂಡ, ಆಮೇಲೆ ಮಾಸ್ಕೋದ ಸಿಎಸ್‌ಕೆಎ. ಎನ್‌ಬಿಎ ತಂಡಗಳು ಸರದಿಯಂತೆ ಹೊಸಬರನ್ನು ಆರಿಸುವ ಡ್ರಾಫ್ಟ್‌ನಲ್ಲಿ, 1999ರಲ್ಲಿ, ಜಾಝ್ 24ನೆಯವರಾಗಿ ಆರಿಸಿತು. 2001ರಲ್ಲಿ ಅಮೆರಿಕಕ್ಕೆ ಹೋದರು.

2003ರಲ್ಲಿ ಜಾಝ್‌ನ ಇಬ್ಬರು ಆಧಾರಸ್ತಂಭಗಳೂ ಹೋದರು: ಜಾನ್ ಸ್ಟಾಕ್ಟನ್ ನಿವೃತ್ತರಾದರು, ಕಾರ್ಲ್ ಮಲೋನ್ ಲೇಕರ್ಸ್ ಸೇರಿದರು. ಜಾಝ್ ಕಥೆ ಮುಗೀತು ಅಂದವರೇ ಜಾಸ್ತಿ. ಆದರೆ ಆ ಸೀಸನ್‌ನಲ್ಲಿ ತಂಡ 42 ಪಂದ್ಯ ಗೆದ್ದಿತು, ಕಿರಿಲೆಂಕೊ ಲೀಗ್‌ನ ಶ್ರೇಷ್ಠರ ಆಲ್-ಸ್ಟಾರ್ ಪಂದ್ಯಕ್ಕೆ ಆಯ್ಕೆಯಾದರು. ಆರು ವರ್ಷಕ್ಕೆ 86 ಮಿಲಿಯನ್ ಡಾಲರ್ ಒಪ್ಪಂದವೂ ಸಿಕ್ಕಿತು.

ತೊಡಕು ಶುರುವಾದದ್ದು ತಂಡ ಬಲವಾದ ಮೇಲೆ. ಕಾರ್ಲೋಸ್ ಬೂಝರ್, ಮೆಹ್ಮೆತ್ ಒಕುರ್, ಡೆರಾನ್ ವಿಲಿಯಮ್ಸ್ ಬಂದರು, ಚೆಂಡು ಅವರ ಕೈಗೆ ಹೋಯಿತು. 2006-07ರಲ್ಲಿ ಕಿರಿಲೆಂಕೊ ಸರಾಸರಿ 15.3ರಿಂದ 8.3ಕ್ಕೆ ಇಳಿಯಿತು. ಅದೇ ವರ್ಷ ತಂಡ ಕಾನ್ಫರೆನ್ಸ್ ಫೈನಲ್ (ಲೀಗ್‌ನ ಸೆಮಿಫೈನಲ್ ಇದ್ದಂತೆ) ತಲುಪಿತು! ಪ್ಲೇಆಫ್ ಹೊತ್ತಿನಲ್ಲಿ ಪತ್ರಕರ್ತರ ಮುಂದೆಯೇ ಅವರು ಕಣ್ಣೀರು ಹಾಕಿದರು. ಇಷ್ಟು ಸಂಬಳ ತಗೊಂಡು ಅಳೋದಾ ಅಂತ ಹಲವರು ನಕ್ಕರು. ನನಗೇನೋ ಅದು ನಗುವ ವಿಷಯ ಅನ್ನಿಸುವುದಿಲ್ಲ. ಎಲ್ಲ ಕಡೆ ಕೈಹಾಕಿ ಆಡುವವನನ್ನು ಮೂಲೆಯಲ್ಲಿ ನಿಲ್ಲಿಸಿದರೆ ಅವನ ಅರ್ಧ ಆಟವೇ ಹೋಯಿತು, ಅಲ್ವಾ?

ಉತ್ತರ ಸಿಕ್ಕಿದ್ದು ಅದೇ ಸೆಪ್ಟೆಂಬರ್‌ನಲ್ಲಿ, ಮ್ಯಾಡ್ರಿಡ್‌ನಲ್ಲಿ. ಸೋವಿಯತ್ ಒಕ್ಕೂಟಕ್ಕೆ 1972 ಮತ್ತು 1988ರ ಒಲಿಂಪಿಕ್ ಚಿನ್ನದ ಹಿರಿಮೆಯಿತ್ತು. ಆದರೆ 1988ರ ತಂಡದ ಮುಖ್ಯ ಆಟಗಾರರಲ್ಲಿ ಹೆಚ್ಚಿನವರು ಲಿಥುವೇನಿಯಾದವರು. ಒಕ್ಕೂಟ ಒಡೆದಾಗ ಆ ಬಲ ರಷ್ಯಾದ ಕೈತಪ್ಪಿತು. ಯುರೋಪಿಯನ್ ಚಾಂಪಿಯನ್‌ಷಿಪ್ ಅದಕ್ಕೆ ಒಮ್ಮೆಯೂ ದಕ್ಕಿರಲಿಲ್ಲ. 2007ರ ಫೈನಲ್‌ನಲ್ಲಿ ಎದುರಿಗೆ ವಿಶ್ವ ಚಾಂಪಿಯನ್ ಸ್ಪೇನ್, ಅದೂ ಅವರದೇ ನೆಲದಲ್ಲಿ. ಇನ್ನೇನು ಎರಡು ಸೆಕೆಂಡ್ ಉಳಿದಿದೆ ಎನ್ನುವಾಗ ಜೆ.ಆರ್. ಹೋಲ್ಡನ್ ಎಸೆದ ಚೆಂಡು ಒಳಗೆ ಬಿತ್ತು. ಪಾವ್ ಗ್ಯಾಸೋಲ್‌ನ ಕೊನೆಯ ಎಸೆತ ತಪ್ಪಿತು. 60-59. ಟೂರ್ನಿಯ ಶ್ರೇಷ್ಠ ಆಟಗಾರ ಕಿರಿಲೆಂಕೊ. ಕೋಚ್ ಡೇವಿಡ್ ಬ್ಲಾಟ್ ತಂಡದಲ್ಲಿ ಅವರು ಮೂಲೆಯಲ್ಲಿ ನಿಲ್ಲಬೇಕಾಗಿರಲಿಲ್ಲ.

ಅದಾದ ಮೇಲೆ ಜಾಝ್ ಬಿಡುತ್ತೇನೆ, ಬಾಕಿ ಹಣವೂ ಬೇಡ ಎಂದರು. ಆದರೂ 2011ರವರೆಗೆ ಅಲ್ಲೇ ಇದ್ದರು. ಮಾಲೀಕರು-ಆಟಗಾರರ ಒಪ್ಪಂದದ ಜಗಳದಿಂದ ಎನ್‌ಬಿಎ ನಿಂತಾಗ (ಲಾಕೌಟ್) ಸಿಎಸ್‌ಕೆಎಗೆ ಮರಳಿ, ಯುರೋಪಿನ ಕ್ಲಬ್‌ಗಳ ಟೂರ್ನಿ ಯೂರೋಲೀಗ್‌ನ ಎಂವಿಪಿ (ಶ್ರೇಷ್ಠ ಆಟಗಾರ) ಆದರು. ಆದರೆ ಫೈನಲ್‌ನಲ್ಲಿ 19 ಪಾಯಿಂಟ್ ಮುಂದಿದ್ದ ತಂಡ ಗ್ರೀಸ್‌ನ ಒಲಿಂಪಿಯಾಕೋಸ್‌ಗೆ 62-61ರಲ್ಲಿ ಸೋತಿತು. 2012ರ ಅದೇ ಬೇಸಿಗೆಯಲ್ಲಿ ಲಂಡನ್ ಒಲಿಂಪಿಕ್ಸ್‌ನಲ್ಲಿ ರಷ್ಯಾ ಅರ್ಜೆಂಟೀನಾವನ್ನು ಸೋಲಿಸಿ ಕಂಚು ಗೆದ್ದಿತು.

ಎನ್‌ಬಿಎಗೆ ಮರಳಿ ಮಿನೆಸೋಟದಲ್ಲಿ ಒಂದು ವರ್ಷ ಆಡಿದ ಮೇಲೆ ಬಂದದ್ದು ವಿಚಿತ್ರ ತಿರುವು. ಸುಮಾರು 10 ಮಿಲಿಯನ್ ಡಾಲರ್ ಬಿಟ್ಟು, 3 ಮಿಲಿಯನ್ ಚಿಲ್ಲರೆಗೆ ಬ್ರೂಕ್ಲಿನ್ ನೆಟ್ಸ್ ತಂಡ ಸೇರಿದರು. ಅದರ ಮಾಲೀಕ ರಷ್ಯಾದ ಮಿಖಾಯಿಲ್ ಪ್ರೊಖೊರೊವ್ ಆಗಿದ್ದರಿಂದ, ಉಳಿದ ಹಣ ಗುಟ್ಟಾಗಿ ಕೊಟ್ಟರೇ ಅಂತ ಗುಸುಗುಸು ಎದ್ದಿತು. ಎನ್‌ಬಿಎ ವಿಚಾರಿಸಿತು, ತಪ್ಪೇನೂ ಸಿಗಲಿಲ್ಲ.

2015ರಲ್ಲಿ ಆಟ ನಿಲ್ಲಿಸಿದರು. ಅದೇ ವರ್ಷ ರಷ್ಯಾದ ಬಾಸ್ಕೆಟ್‌ಬಾಲ್ ಒಕ್ಕೂಟದ ಅಧ್ಯಕ್ಷರಾದರು. ಒಳಜಗಳದಿಂದಾಗಿ ಒಕ್ಕೂಟವನ್ನು ಅಂತಾರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ಫಿಬಾ ಆಗಷ್ಟೇ ಅಮಾನತು ಮಾಡಿತ್ತು, ಅದು ಕೆಲವೇ ತಿಂಗಳಲ್ಲಿ ತೆರವಾಯಿತು. 2022ರಲ್ಲಿ ಉಕ್ರೇನ್ ಮೇಲಿನ ದಾಳಿಯ ನಂತರ ಫಿಬಾ ರಷ್ಯಾದ ತಂಡಗಳನ್ನು ತನ್ನ ಟೂರ್ನಿಗಳಿಂದ ಹೊರಗಿಟ್ಟಿತು. ಈ ಸಲದ ಅಡ್ಡಿ ಅಧ್ಯಕ್ಷರು ಪತ್ರ ಬರೆದು ಬಿಡಿಸುವಂಥದ್ದಾಗಿರಲಿಲ್ಲ.