ಒಂದು ಜಿಲ್ಲೆ, ಮೂವರು ಎಂಪಿಗಳು

ಲೋಕಸಭಾ ಚುನಾವಣೆಯ 2024ರ ಜೂನ್ 4ರ ಮತ ಎಣಿಕೆ ಮುಗಿದು ಕೆಲವು ದಿನ ಆಗಿತ್ತು. ನಾನು ಮೈಸೂರಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುವವನು. ಸಾಲಿಗ್ರಾಮದ ಕಡೆಯ ಹುಡುಗಿಯೊಬ್ಬಳು ಎದ್ದು ಕೇಳಿದಳು: “ಸರ್, ನಮ್ದು ಮೈಸೂರು ಜಿಲ್ಲೆ. ಟಿವಿಯಲ್ಲಿ ಮೈಸೂರಲ್ಲಿ ಯದುವೀರ್ ಗೆದ್ರು ಅಂದ್ರು. ನಾನು ಓಟು ಹಾಕಿದ ಮೆಷಿನ್‌ನಲ್ಲಿ ಅವರ ಹೆಸರೇ ಇರ್ಲಿಲ್ವಲ್ಲ?”

ಅವಳಿಗೆ ಅದು ಮೊದಲ ಓಟು. ಸಾಲಿಗ್ರಾಮ ಕೆ.ಆರ್. ನಗರ ವಿಧಾನಸಭಾ ಕ್ಷೇತ್ರಕ್ಕೆ ಸೇರುತ್ತದೆ. ಕೆ.ಆರ್. ನಗರ ಇರುವುದು ಮೈಸೂರು ಜಿಲ್ಲೆಯಲ್ಲಿ, ಆದರೆ ಲೋಕಸಭೆಗೆ ಅದು ಮಂಡ್ಯ. ಅವಳ ಎಂಪಿ ಎಚ್.ಡಿ. ಕುಮಾರಸ್ವಾಮಿ.

ನಮ್ಮ ಜಿಲ್ಲೆಯ 11 ವಿಧಾನಸಭಾ ಕ್ಷೇತ್ರಗಳು ಮೂರು ಕಡೆ ಹಂಚಿಹೋಗಿವೆ. ಮೈಸೂರು ನಗರದ ಮೂರು, ಚಾಮುಂಡೇಶ್ವರಿ, ಹುಣಸೂರು, ಪಿರಿಯಾಪಟ್ಟಣ, ಇವು ಕೊಡಗಿನ ಎರಡರ ಜೊತೆ ಸೇರಿ ಮೈಸೂರು-ಕೊಡಗು. ವರುಣಾ, ನಂಜನಗೂಡು, ಟಿ. ನರಸೀಪುರ, ಎಚ್.ಡಿ. ಕೋಟೆ ನಾಲ್ಕೂ ಚಾಮರಾಜನಗರಕ್ಕೆ. ಉಳಿದ ಕೆ.ಆರ್. ನಗರ ಮಂಡ್ಯಕ್ಕೆ. 2024ರಲ್ಲಿ ಮೈಸೂರು-ಕೊಡಗು ಬಿಜೆಪಿಯ ಯದುವೀರ್‌ಗೆ ಹೋಯಿತು, ಚಾಮರಾಜನಗರ ಕಾಂಗ್ರೆಸ್ಸಿಗೆ, ಮಂಡ್ಯ ಜೆಡಿಎಸ್‌ಗೆ. ಹಾಗಿದ್ದ ಮೇಲೆ “ಮೈಸೂರು ಜಿಲ್ಲೆ ಯಾರ ಪರ?” ಅಂತ ಕೇಳಿದರೆ ಏನು ಹೇಳೋದು? ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರ ವರುಣಾದ ಓಟುಗಳೂ ಮೈಸೂರು-ಕೊಡಗಿನ ಲೆಕ್ಕಕ್ಕೆ ಬರುವುದಿಲ್ಲ. ಇದನ್ನು ಮರೆತು ಬರೆದ ವಿಶ್ಲೇಷಣೆ ಓದುವಾಗ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಮಂಡ್ಯದ ಲೆಕ್ಕವನ್ನಂತೂ ನಾನು ಪ್ರತಿ ವರ್ಷ ಬೋರ್ಡ್ ಮೇಲೆ ಬರೆಯುತ್ತೇನೆ. 2018ರ ವಿಧಾನಸಭಾ ಚುನಾವಣೆಯಲ್ಲಿ ಈ ಲೋಕಸಭಾ ಕ್ಷೇತ್ರದ ಎಂಟಕ್ಕೆ ಎಂಟೂ ಜೆಡಿಎಸ್ ಪಾಲಾಗಿದ್ದವು. ಮರುವರ್ಷದ ಲೋಕಸಭಾ ಚುನಾವಣೆಗೆ ಕಾಂಗ್ರೆಸ್ ಮೈತ್ರಿಯೂ ಇತ್ತು. ಆದರೂ ಜೆಡಿಎಸ್‌ನ ನಿಖಿಲ್ ಕುಮಾರಸ್ವಾಮಿ ಪಕ್ಷೇತರ ಅಭ್ಯರ್ಥಿ ಸುಮಲತಾ ಎದುರು 1,25,876 ಮತಗಳಿಂದ ಸೋತರು. 2023ರಲ್ಲಿ ಎಂಟರಲ್ಲಿ ಜೆಡಿಎಸ್‌ಗೆ ಉಳಿದದ್ದು ಕೆ.ಆರ್. ಪೇಟೆ ಒಂದೇ. ಮರುವರ್ಷ, ಬಿಜೆಪಿ ಜೊತೆ ಸೇರಿದ ಮೇಲೆ, ಕುಮಾರಸ್ವಾಮಿ ಗೆದ್ದ ಅಂತರ 2,84,620. ಎಂಎಲ್ಎಗಳ ಸಂಖ್ಯೆ ಕೂಡಿಸಿ ಎಂಪಿ ಯಾರು ಅಂತ ಹೇಳೋಕೆ ಆಗಲ್ಲ. ಎರಡು ಪಕ್ಷದ ನಾಯಕರು ಕೈ ಹಿಡಿದುಕೊಂಡರೂ ಊರಿನಲ್ಲಿ ಕಾರ್ಯಕರ್ತರು ಒಂದೇ ಜಗಲಿ ಮೇಲೆ ಕೂರಬೇಕಲ್ಲ. 2019ರಲ್ಲಿ ಅದು ಆಗಲಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ರಾಜ್ಯದ ಲೆಕ್ಕದಲ್ಲೂ ಹುಷಾರಾಗಿರಬೇಕು. 2024ರಲ್ಲಿ 28 ಲೋಕಸಭಾ ಸೀಟುಗಳ ಪೈಕಿ ಬಿಜೆಪಿಗೆ 17, ಕಾಂಗ್ರೆಸ್ಸಿಗೆ 9, ಜೆಡಿಎಸ್‌ಗೆ 2. ಮತ ಪ್ರಮಾಣ ಮಾತ್ರ ಬಿಜೆಪಿಗೆ ಸುಮಾರು 46 ಪರ್ಸೆಂಟ್, ಕಾಂಗ್ರೆಸ್ಸಿಗೆ ಸುಮಾರು 45. ಒಂದೇ ಒಂದು ಪರ್ಸೆಂಟಿಗೆ ಎಂಟು ಸೀಟು ವ್ಯತ್ಯಾಸವಾ ಅಂತ ಮಕ್ಕಳು ಕೇಳುತ್ತಾರೆ. ಬಿಜೆಪಿ ನಿಂತಿದ್ದು 25 ಕಡೆ ಮಾತ್ರ. ಮಂಡ್ಯ, ಹಾಸನ, ಕೋಲಾರವನ್ನು ಜೆಡಿಎಸ್‌ಗೆ ಬಿಟ್ಟಿತ್ತು, ಹಾಗಾಗಿ ಅಲ್ಲಿನ ಮೈತ್ರಿಯ ಓಟು ಬಿಜೆಪಿಯ 46ರಲ್ಲಿ ಇಲ್ಲ. ಕಾಂಗ್ರೆಸ್ 28ರಲ್ಲೂ ನಿಂತಿತ್ತು. ಅದರ ಒಂಬತ್ತರಲ್ಲಿ ಐದು ಬಂದದ್ದು ಬೀದರ್, ಕಲಬುರಗಿ, ರಾಯಚೂರು, ಕೊಪ್ಪಳ, ಬಳ್ಳಾರಿಯಿಂದ. ಕರಾವಳಿ ಮತ್ತು ಬೆಂಗಳೂರಿನಲ್ಲಿ ಒಂದೂ ಸಿಗಲಿಲ್ಲ.

ನಾನು ಎಣಿಕೆ ಮೇಲ್ವಿಚಾರಕನಾಗಿಯೂ ಕೂತಿದ್ದೇನೆ. ಮೇಜಿನ ಮೇಲೆ ಮತಯಂತ್ರದ ಕಂಟ್ರೋಲ್ ಯೂನಿಟ್. ಜಾಲರಿಯ ಆಚೆ ಅಭ್ಯರ್ಥಿಗಳ ಏಜೆಂಟರು, ಕೈಯಲ್ಲಿ ಪೆನ್ನು, ನೋಟ್ ಬುಕ್. ಮೊದಲು ಸೀಲ್ ತೋರಿಸಬೇಕು. ಒಟ್ಟು ಮತ 17-ಸಿ ನಮೂನೆಗೆ, ಅಂದರೆ ಬೂತಿನಲ್ಲಿ ಬಿದ್ದ ಮತಗಳ ಲೆಕ್ಕದ ಹಾಳೆಗೆ, ತಾಳೆಯಾಗಬೇಕು. ಆಮೇಲೆ ರಿಸಲ್ಟ್ ಬಟನ್. ಒಬ್ಬೊಬ್ಬ ಅಭ್ಯರ್ಥಿಯ ಅಂಕಿ ಬಂದಾಗಲೂ ಯೂನಿಟ್ಟನ್ನು ಅವರ ಕಡೆ ತಿರುಗಿಸಿ ತೋರಿಸುತ್ತೇವೆ. “ಸಾರ್, ಇನ್ನೊಂದ್ಸಲ” ಅಂದರೆ ಇನ್ನೊಂದು ಸಲ. ಟಿವಿಯಲ್ಲಿ ಒಂದೇ ಬಣ್ಣ ಬಳಿದ ಕ್ಷೇತ್ರ ಅಲ್ಲಿ ನೂರಾರು ಚೂರುಗಳಾಗಿ ಕಾಣುತ್ತದೆ.

ಆ ಬೂತ್‌ವಾರು ಲೆಕ್ಕ ಫಾರಂ 20ರಲ್ಲಿ ಇರುತ್ತದೆ. ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ವೆಬ್‌ಸೈಟ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಆ ಹುಡುಗಿಗೂ ತೆಗೆದು ತೋರಿಸಿದೆ. ತನ್ನ ಊರಿನ ಶಾಲೆಯ ಬೂತ್ ನಂಬರನ್ನು ಬೆರಳಿಟ್ಟು ಹುಡುಕಿದಳು. ಪಕ್ಕದ ಕೋಣೆಯ ಬೂತನ್ನೂ ನೋಡಿದಳು. ಎರಡರಲ್ಲಿ ಮುಂದಿದ್ದ ಪಕ್ಷ ಬೇರೆ ಬೇರೆ. “ಇದು ಅಜ್ಜಿಗೆ ತೋರಿಸಬೇಕು ಸರ್” ಅಂದು ಆ ಪುಟದ ಫೋಟೋ ತೆಗೆದುಕೊಂಡಳು.