‘ನಮ್ಮಂವ’ ಅಂದ್ರೆ ಯಾರು?

ಓದುಗರ ಪ್ರಶ್ನೆ: ಕಲಬುರಗಿ, ಬೀದರ್, ಯಾದಗಿರಿ ಕಡೆ ಜನ ಜಾತಿ, ಧರ್ಮ ನೋಡಿಯೇ ಓಟು ಹಾಕ್ತಾರೆ, ಉಳಿದ ಮಾತೆಲ್ಲ ಸುಮ್ನೆ ಅಂತ ನಮ್ಮ ಮನೆಯಲ್ಲಿ ಯಾವಾಗಲೂ ವಾದ. ನಿಜವಾಗ್ಲೂ ಹಾಗೇನಾ?

ಚುನಾವಣೆ ಹತ್ತಿರ ಬಂದಾಗಲೆಲ್ಲ ಈ ಪ್ರಶ್ನೆ ಬರುತ್ತೆ. ಕೇಳುವವರಲ್ಲಿ ಅರ್ಧ ಜನರ ಹತ್ತಿರ ಉತ್ತರವೂ ರೆಡಿ ಇರುತ್ತೆ. ಬೇರೆ ಜಾತಿಯವರು ಜಾತಿ ನೋಡಿ ಹಾಕ್ತಾರೆ, ತಾವು ಮಾತ್ರ ಕೆಲಸ ನೋಡಿ ಹಾಕ್ತೀವಿ ಅಂತ. ಎಲ್ಲ ಓಣಿಯಲ್ಲೂ ಇದೇ ಮಾತು ಕೇಳಿದ್ದೇನೆ.

ಜಾತಿ ನೋಡ್ತಾರೆ. ಅದರಲ್ಲಿ ಮುಚ್ಚಿಡೋದು ಏನೂ ಇಲ್ಲ. ಆದರೆ ಜಾತಿಯಲ್ಲಿ ಏನನ್ನು ನೋಡ್ತಾರೆ ಅನ್ನೋದು ಬೇರೆ ಮಾತು. ಅದನ್ನು ನನಗೆ ತೋರಿಸಿಕೊಟ್ಟಿದ್ದು ನಮ್ಮ ಕಾಕಾ.

ಕಾಕಾ ಮೂವತ್ತು ವರ್ಷದಿಂದ ಒಂದೇ ಪಕ್ಷಕ್ಕೆ ಬೂತ್ ಏಜೆಂಟ್. 2023ರ ಮೇ 13ಕ್ಕೆ ವಿಧಾನಸಭೆ ಎಣಿಕೆ ಮುಗಿದ ಮೇಲೆ ಒಂದು ದಿನ ಹೋಟೆಲಿನಲ್ಲಿ ಸಿಕ್ಕರು. ಮುಂದೆ ಸುಸಲಾ, ಮಿರ್ಚಿ, ಅರ್ಧ ಕಪ್ ಚಹಾ. ತಟ್ಟೆ ಕೆಳಗೆ ಒಂದು ಹಾಳೆ. ಬೂತಿಗೆ ಎಷ್ಟೆಷ್ಟು ಓಟು ಬಿತ್ತು ಅನ್ನೋ ಲೆಕ್ಕ. ಎಣ್ಣೆ ಬೆರಳು ಹಾಳೆ ಮೇಲೆ ಓಡಾಡ್ತಿತ್ತು. ‘ಇದು ತಾಂಡಾ. ಇದು ದರ್ಗಾ ಓಣಿ. ಇದು ಕಬ್ಬಲಿಗರ ಓಣಿ. ಇದು ಗೌಡ್ರ ಓಣಿ, ನಮ್ಮವ್ರು.’ ಎಲ್ಲಾ ಅವರ ಲೆಕ್ಕದಂತೆಯೇ ಬಂದಿತ್ತು. ಗೌಡರ ಓಣಿಯಲ್ಲಿ ಮಾತ್ರ ನೂರಕ್ಕೂ ಜಾಸ್ತಿ ಓಟು ಆ ಕಡೆಯವರಿಗೆ ಹೋಗಿತ್ತು.

‘ನಮ್ಮವ್ರೇ ಕೈ ಕೊಟ್ಟಾರ’ ಅಂದರು. ಹೊಟ್ಟೆ ಉರಿ.

ಹೋಟೆಲಿನವನು ಗಲ್ಲಾ ಹತ್ತಿರದಿಂದಲೇ ಹೇಳಿದ: ‘ಕೈ ಕೊಟ್ಟಿಲ್ರಿ ಕಾಕಾ. ಹೋದ ಮಳಿಗಾಲದಾಗ ಆ ಓಣಿ ಹುಡುಗನಿಗಿ ಹಾವು ಕಡೀತು. ರಾತ್ರಿ ಹನ್ನೊಂದಕ್ಕ ನಿಮ್ಮ ಮನಷ್ಯಾ ಫೋನ್ ಎತ್ತಲಿಲ್ಲ. ಅವರ ಮನಷ್ಯಾ ಎತ್ತಿದ, ಜೀಪ್ ತಂದ, ದವಾಖಾನಿ ತನಕ ಹೋದ. ಅವ ಯಾವ ಜಾತಿ ಅಂತ ಆಗ ಯಾರೂ ಕೇಳಲಿಲ್ಲ.’

ಕಾಕಾ ಚಹಾ ಕುಡಿದರು. ಮಾತಾಡಲಿಲ್ಲ.

ನನ್ನ ಉತ್ತರ ಹೆಚ್ಚೂಕಡಿಮೆ ಇಷ್ಟೇ. ನಮ್ಮ ಕಡೆ ‘ನಮ್ಮಂವ’ ಅನ್ನೋ ಮಾತಿಗೆ ಫೋನ್ ಎತ್ತುವವನು ಅಂತ ಅರ್ಥ. ತಹಸೀಲ್ ಕಚೇರಿಯಲ್ಲಿ ಫೈಲು ಮುಂದೆ ಹೋಗಬೇಕು, ಮಗಳಿಗೆ ಹಾಸ್ಟೆಲ್ ಸೀಟು ಸಿಗಬೇಕು, ಠಾಣೆಯಲ್ಲಿ ಕೂರಿಸಿಕೊಂಡವನನ್ನು ಬಿಡಿಸಬೇಕು. ಗುರುತಿಲ್ಲದೆ ಇದ್ಯಾವುದೂ ಬೇಗ ಆಗಲ್ಲ. ಗುರುತು ಎಲ್ಲಿಂದ ಹುಟ್ಟುತ್ತೆ? ಮದುವೆ, ಮುಂಜಿ, ಜಾತ್ರೆ, ಉರುಸು, ಮಠ, ಮಸೀದಿ, ಸಂಬಂಧಿಕರಿಂದ. ಅಂದರೆ ಸುಲಭವಾಗಿ ಸಿಗುವ ಗುರುತು ಜಾತಿಯದು. ಅದಕ್ಕೇ ಮೊದಲು ಅದನ್ನು ನೋಡ್ತಾರೆ. ಅದು ಕೆಲಸಕ್ಕೆ ಬಾರದಿದ್ದರೆ ಬೇರೆ ಗುರುತು ಹಿಡಿತಾರೆ.

ಆ ಹಾಳೆಯ ಬಗ್ಗೆಯೂ ಸ್ವಲ್ಪ ಹೇಳಬೇಕು. ಯಾರು ಯಾರಿಗೆ ಹಾಕಿದರು ಅಂತ ಒಬ್ಬೊಬ್ಬರದು ಯಾರಿಗೂ ಗೊತ್ತಾಗಲ್ಲ, ಅದು ಗುಟ್ಟು. ಆದರೆ ಒಂದು ಬೂತಿಗೆ ಸೇರೋದು ಸಾವಿರದ ಆಸುಪಾಸು ಜನ, ಅದೂ ಅಕ್ಕಪಕ್ಕದ ಓಣಿಯವರು. ನಮ್ಮ ಊರುಗಳಲ್ಲಿ ಓಣಿ ಅಂದರೆ ಜಾತಿ ಅಂತಲೇ ಲೆಕ್ಕ. ಹಿಂದೆ ಕಾಗದದ ಓಟು ಇದ್ದಾಗ ಹಲವು ಬೂತಿನ ಚೀಟಿಗಳನ್ನು ಕಲಸಿ ಎಣಿಸುವ ದಾರಿ ಇತ್ತು. ಮತಯಂತ್ರ ಬಂದ ಮೇಲೆ ಒಂದೊಂದು ಯಂತ್ರದ ಲೆಕ್ಕ ಬೇರೆ ಬೇರೆಯಾಗಿ ಹೊರಗೆ ಬರುತ್ತೆ. ಹಲವು ಯಂತ್ರಗಳ ಮತ ಸೇರಿಸಿ ಒಟ್ಟು ಮಾತ್ರ ತೋರಿಸುವ ‘ಟೋಟಲೈಸರ್’ ತರೋಣ ಅಂತ ಚುನಾವಣಾ ಆಯೋಗ 2008ರಲ್ಲೇ ಕೇಳಿತ್ತು, 2015ರಲ್ಲಿ ಕಾನೂನು ಆಯೋಗವೂ ಹೌದು ಅಂದಿತ್ತು. ಅದು ಬರಲೇ ಇಲ್ಲ. ಹಾಗಾಗಿ ಗೆದ್ದವರಿಗೆ ತಾಂಡಾ ಏನು ಮಾಡಿತು, ಕೇರಿ ಏನು ಮಾಡಿತು ಅಂತ ಗೊತ್ತಿರುತ್ತೆ. ಮುಂದಿನ ಬೋರ್‌ವೆಲ್ ಎಲ್ಲಿ ಬೀಳಬೇಕು ಅನ್ನೋದು ಆ ಹಾಳೆ ನೋಡಿ ತೀರ್ಮಾನ ಆಗೋದೂ ಉಂಟು. ಜನ ಜಾತಿ ನೋಡ್ತಾರೆ ಅಂತ ಬೈಯುವ ಮುಖಂಡರು ಮೊದಲು ಓದೋದು ಆ ಹಾಳೆಯನ್ನೇ.

ಇನ್ನು ಇತಿಹಾಸ ನೋಡಿ. ‘ಜಾತಿಯೇ ಎಲ್ಲ’ ಅನ್ನುವವರಿಗೆ ಕಲಬುರಗಿ ಲೋಕಸಭಾ ಕ್ಷೇತ್ರದ ಪಟ್ಟಿ ತೋರಿಸಿದರೆ ಸಾಕು. 1980ರ ಜನವರಿಯಲ್ಲಿ ಇಲ್ಲಿ ಗೆದ್ದವರು ಎನ್. ಧರಂಸಿಂಗ್. ಅದೇ ಚುನಾವಣೆಯಲ್ಲಿ ದೆಹಲಿಯಲ್ಲಿ ವಾಜಪೇಯಿ ಎದುರು ಕಾಂಗ್ರೆಸ್ ಮುಖಂಡ ಸಿ.ಎಂ. ಸ್ಟೀಫನ್ ಸೋತಿದ್ದರು. ಅವರನ್ನು ಲೋಕಸಭೆಗೆ ತರಬೇಕು ಅಂತ ಇಂದಿರಾ ಗಾಂಧಿಗೆ ಮನಸ್ಸು. ಧರಂಸಿಂಗ್ ಸೀಟು ಬಿಟ್ಟುಕೊಟ್ಟರು, ಸ್ಟೀಫನ್ ಕಲಬುರಗಿಗೆ ಬಂದು ನಿಂತರು, ಗೆದ್ದರು. ಕೇರಳದವರು, ಕ್ರೈಸ್ತರು, ಕನ್ನಡ ಬಾರದು. ಅವರ ಜಾತಿಯ ಓಟು ಇಲ್ಲಿ ಎಷ್ಟಿದ್ದೀತು? ಜನ ಹಾಕಿದ್ದು ಇಂದಿರಮ್ಮನ ಕೈಗೆ. (ಸ್ಟೀಫನ್ ಕೇಂದ್ರದಲ್ಲಿ ಸಂಪರ್ಕ ಖಾತೆ ಸಚಿವರಾಗಿದ್ದರು. ಫೋನ್ ಎತ್ತುವ ಮಾತಿಗೆ ಇದು ಸರಿಯಾಗಿ ಕೂತಿತು ಅಂತ ನಗಬೇಡಿ.)

ಅವರಾದ ಮೇಲೆ 1984ರಲ್ಲಿ ಲಿಂಗಾಯತರಾದ ವೀರೇಂದ್ರ ಪಾಟೀಲ್. 1996ರಲ್ಲಿ ಜನತಾದಳದಿಂದ ಖಮರುಲ್ ಇಸ್ಲಾಂ. 1998ರಲ್ಲಿ ಬಿಜೆಪಿಯ ಬಸವರಾಜ ಪಾಟೀಲ್ ಸೇಡಂ. ಮರುವರ್ಷವೇ ಕಾಂಗ್ರೆಸ್ಸಿನ ಇಕ್ಬಾಲ್ ಅಹ್ಮದ್ ಸರಡಗಿ, 2004ರಲ್ಲೂ ಅವರೇ. ಎರಡು ವರ್ಷಕ್ಕೊಮ್ಮೆ ಒಂದು ಕ್ಷೇತ್ರದ ಜಾತಿ, ಧರ್ಮ ಬದಲಾಗುತ್ತಾ? ಓಣಿಗಳು ಅವೇ, ಜನ ಅವರೇ. ಬದಲಾಗಿದ್ದು ಯಾರ ಜೊತೆ ಯಾರು ಕೂಡಿದರು ಅನ್ನೋದು.

ಧರಂಸಿಂಗ್ ಅವರದು ಇನ್ನೂ ಚೆನ್ನಾಗಿದೆ. ಅವರು ರಜಪೂತರು. ಜೇವರ್ಗಿಯಲ್ಲಿ ರಜಪೂತರ ಓಟು ಎಣಿಸಲು ಹೋದರೆ ಬೇಗ ಮುಗಿದುಹೋಗುತ್ತೆ. ಅಲ್ಲಿಂದ 1978ರಿಂದ 2004ರವರೆಗೆ ಸತತ ಏಳು ಸಲ ಗೆದ್ದರು, ಮುಖ್ಯಮಂತ್ರಿಯೂ ಆದರು. ದೊಡ್ಡ ಜಾತಿಗಳು ಒಂದರ ಮೇಲೊಂದು ಅನುಮಾನ ಪಡುವ ಕಡೆ, ಯಾರಿಗೂ ಹೆದರಿಕೆ ಹುಟ್ಟಿಸದ ಸಣ್ಣ ಜಾತಿಯವನು ಎಲ್ಲರಿಗೂ ‘ನಮ್ಮಂವ’ ಆಗಬಹುದು. ಆಳಂದ, ಅಫಜಲಪುರದಲ್ಲಿ ಈಡಿಗ ಸಮುದಾಯದ ಗುತ್ತೇದಾರ್‌ಗಳು ಮತ್ತೆ ಮತ್ತೆ ಗೆದ್ದಿದ್ದರಲ್ಲೂ ಇದೇ ಲೆಕ್ಕ ಕಾಣುತ್ತೆ.

ಮೀಸಲು ಕ್ಷೇತ್ರಕ್ಕೆ ಬಂದರೆ ಜಾತಿ ಲೆಕ್ಕ ತಲೆಕೆಳಗಾಗುತ್ತೆ. ಸುರಪುರ ಪರಿಶಿಷ್ಟ ಪಂಗಡಕ್ಕೆ ಮೀಸಲು. ಅಲ್ಲಿ ರಾಜಾ ವೆಂಕಟಪ್ಪ ನಾಯಕ ಮತ್ತು ರಾಜೂಗೌಡ ಹಲವು ಸಲ ಎದುರುಬದುರಾದರು, ಇಬ್ಬರೂ ನಾಯಕ ಸಮುದಾಯದವರೇ. ಅಂದ ಮೇಲೆ ಕುರುಬರು, ಲಿಂಗಾಯತರು, ದಲಿತರು, ಮುಸ್ಲಿಮರು ಯಾರ ಕಡೆ ವಾಲಿದರು ಅನ್ನೋದರ ಮೇಲೆ ಸೋಲು ಗೆಲುವು. ಬೀದರ್ ಲೋಕಸಭೆ ಮೀಸಲು ಕ್ಷೇತ್ರವಲ್ಲ, ಆದರೂ ಅಲ್ಲಿ 2019ರಲ್ಲಿ ಭಗವಂತ ಖೂಬಾ ಎದುರು ಈಶ್ವರ ಖಂಡ್ರೆ, 2024ರಲ್ಲಿ ಖೂಬಾ ಎದುರು ಸಾಗರ್ ಖಂಡ್ರೆ. ಎಲ್ಲರೂ ಲಿಂಗಾಯತರು. ಮೊದಲ ಸಲ ಖೂಬಾ ಗೆದ್ದರು, ಎರಡನೇ ಸಲ ಸೋತರು. ಇದರಲ್ಲಿ ಜಾತಿ ಏನು ಹೇಳಿತು?

ಕಲಬುರಗಿ ಲೋಕಸಭೆ 2009ರಿಂದ ಪರಿಶಿಷ್ಟ ಜಾತಿಗೆ ಮೀಸಲು. ಅದುವರೆಗೆ ಒಂದು ಚುನಾವಣೆಯೂ ಸೋಲದಿದ್ದ ಮಲ್ಲಿಕಾರ್ಜುನ ಖರ್ಗೆ 2019ರಲ್ಲಿ 95 ಸಾವಿರಕ್ಕೂ ಜಾಸ್ತಿ ಓಟಿನಿಂದ ಸೋತರು. ಎದುರು ಇದ್ದವರು ಉಮೇಶ ಜಾಧವ, ಲಂಬಾಣಿ ಸಮುದಾಯದವರು. ‘ಲಂಬಾಣಿ ಓಟು ಹೋಯಿತು, ಸೋತರು’ ಅಂತ ಒಂದೇ ಸಾಲಲ್ಲಿ ಮುಗಿಸುವವರಿದ್ದಾರೆ. ತಾಂಡಾಗಳು ಜಾಧವ ಅವರ ಬೆನ್ನಿಗೆ ನಿಂತವು ಅನ್ನೋದು ನಿಜ. ಆದರೆ ಅಷ್ಟು ದೊಡ್ಡ ಅಂತರ ತಾಂಡಾಗಳಿಂದ ಮಾತ್ರ ಬರಲ್ಲ. ಮೋದಿ ಗಾಳಿ, ಲಿಂಗಾಯತ ಓಟು, ಸ್ವಂತ ಪಕ್ಷದವರ ಮುನಿಸು ಎಲ್ಲಾ ಸೇರಿತ್ತು. ಐದು ವರ್ಷಕ್ಕೆ ಅದೇ ಜಾಧವ ಖರ್ಗೆಯವರ ಅಳಿಯ ರಾಧಾಕೃಷ್ಣ ದೊಡ್ಡಮನಿ ಎದುರು 27 ಸಾವಿರ ಓಟಿನ ಆಸುಪಾಸಿನಲ್ಲಿ ಸೋತರು. ತಾಂಡಾಗಳು ಎಲ್ಲೂ ಎದ್ದು ಹೋಗಿರಲಿಲ್ಲ.

ಲಂಬಾಣಿ ಅಂದಾಗ ಒಂದು ಮಾತು. ಕರ್ನಾಟಕದಲ್ಲಿ ಅವರು ಪರಿಶಿಷ್ಟ ಜಾತಿ. ಜಹೀರಾಬಾದ್ ಕಡೆ ತೆಲಂಗಾಣಕ್ಕೆ ಹೋದರೆ ಪರಿಶಿಷ್ಟ ಪಂಗಡ. ಉದಗೀರ್ ಕಡೆ ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಅದೇ ಭಾಷೆ, ಅದೇ ಸೇವಾಲಾಲ್ ಮಹಾರಾಜರು, ಅದೇ ಬೀಗರು. ಮೂರು ಕಡೆ ಅವರ ಬೇಡಿಕೆ ಬೇರೆ, ಜಗಳ ಬೇರೆ. ಓಟಿನಲ್ಲಿ ಕೆಲಸ ಮಾಡೋದು ಹುಟ್ಟಿಗಿಂತ ಜಾಸ್ತಿ ಸರಕಾರದ ಪಟ್ಟಿ. ಕೋಲಿ, ಕಬ್ಬಲಿಗರ ಪರಿಶಿಷ್ಟ ಪಂಗಡದ ಬೇಡಿಕೆ ಈ ಮೂರೂ ಜಿಲ್ಲೆಯ ಪ್ರತಿ ಚುನಾವಣೆಯಲ್ಲಿ ತಲೆ ಎತ್ತೋದು ಅದಕ್ಕೇ.

ಇನ್ನು ಒಂದು ಸಮುದಾಯ ಇಡಿಯಾಗಿ ಒಂದು ಪಕ್ಷ ಬಿಟ್ಟು ಇನ್ನೊಂದಕ್ಕೆ ಹೋಗೋದು ಯಾಕೆ? ಇದಕ್ಕೆ ಉತ್ತರ ನಮ್ಮ ಜಿಲ್ಲೆಯಲ್ಲೇ ಇದೆ. ಚಿಂಚೋಳಿಯ ವೀರೇಂದ್ರ ಪಾಟೀಲ್ 1989ರಲ್ಲಿ ಕಾಂಗ್ರೆಸ್ಸಿಗೆ 178 ಸೀಟು ಗೆದ್ದುಕೊಟ್ಟು ಮುಖ್ಯಮಂತ್ರಿ ಆದರು. ಮರುವರ್ಷ ಅವರಿಗೆ ಆರೋಗ್ಯ ಕೈಕೊಟ್ಟಿತು. 1990ರ ಅಕ್ಟೋಬರಿನಲ್ಲಿ ರಾಜೀವ್ ಗಾಂಧಿ ಅವರನ್ನು ಕುರ್ಚಿಯಿಂದ ಇಳಿಸಿದರು. ಹಾಸಿಗೆ ಹಿಡಿದ ಮನುಷ್ಯನನ್ನು ಹೀಗೆ ಇಳಿಸಿದರಲ್ಲ ಅನ್ನೋ ಮಾತು ಲಿಂಗಾಯತರ ಮನೆಗಳಲ್ಲಿ ಈಗಲೂ ಇದೆ. ನಮ್ಮ ಅಜ್ಜಿ ಸಾಯುವ ತನಕ ಅದನ್ನೇ ಹೇಳ್ತಿದ್ದರು. 1994ರಲ್ಲಿ ಕಾಂಗ್ರೆಸ್ 34 ಸೀಟಿಗೆ ಇಳಿಯಿತು. ಇದೊಂದೇ ಕಾರಣ ಅಲ್ಲ, ಆದರೆ ದೊಡ್ಡ ಕಾರಣ. 2007ರಲ್ಲಿ ಜೆಡಿಎಸ್‌ನವರು ಯಡಿಯೂರಪ್ಪನವರಿಗೆ ಅಧಿಕಾರ ಬಿಟ್ಟುಕೊಡದೆ ಮೋಸ ಮಾಡಿದರು ಅನ್ನೋ ಸಿಟ್ಟು 2008ರಲ್ಲಿ ಕೆಲಸ ಮಾಡಿದ್ದೂ ಹೀಗೇ.

ಅಮೆರಿಕದಲ್ಲಿ ಜನಾಂಗದ ಓಟು ಅಂತಾರಲ್ಲ, ಅಲ್ಲೂ ಸುಮಾರು ಇದೇ ಕಥೆ. ಗುಲಾಮಗಿರಿ ತೆಗೆದ ಲಿಂಕನ್ ಅವರ ಪಕ್ಷ ಅಂತ ಕಪ್ಪು ಜನ ಎಷ್ಟೋ ಕಾಲ ರಿಪಬ್ಲಿಕನ್ನರ ಕಡೆ ಇದ್ದರು. 1930ರ ದಶಕದಲ್ಲಿ ಡೆಮಾಕ್ರಾಟರ ಕಡೆ ಸರಿಯತೊಡಗಿದರು. 1964ರ ನಾಗರಿಕ ಹಕ್ಕು ಕಾಯ್ದೆ, 1965ರ ಮತದಾನ ಹಕ್ಕು ಕಾಯ್ದೆ ಬಂದ ಮೇಲೆ ಅಲ್ಲೇ ಗಟ್ಟಿಯಾಗಿ ನಿಂತರು. ಮೈಬಣ್ಣ ಹಳೆಯದೇ, ಪಕ್ಷ ಮಾತ್ರ ಹೊಸದು. ಯಾರು ನಮಗೇನು ಮಾಡಿದರು ಅನ್ನೋ ನೆನಪು ಅವರನ್ನು ಹಿಡಿದಿಟ್ಟಿತು.

ಧರ್ಮಕ್ಕೆ ಬರೋಣ. ನಾಮಪತ್ರ ಹಾಕುವ ಮುಂಚೆ ಕಲಬುರಗಿಯಲ್ಲಿ ಶರಣಬಸಪ್ಪನ ಗುಡಿ, ಬಂದೇನವಾಜ್ ದರ್ಗಾ, ಬುದ್ಧವಿಹಾರ ಮೂರಕ್ಕೂ ಹೋಗಿ ಬರುವ ಅಭ್ಯರ್ಥಿಗಳನ್ನು ಎಲ್ಲರೂ ನೋಡಿದ್ದೇವೆ. ಫೋಟೊ ಚೆನ್ನಾಗಿ ಬರುತ್ತೆ. ಆದರೆ ಧರ್ಮವನ್ನೇ ನೇರವಾಗಿ ಓಟಾಗಿ ಮಾಡಲು ಹೋದಾಗ ಏನಾಗುತ್ತೆ? 2017ರ ಜುಲೈನಲ್ಲಿ ಬೀದರಿನಲ್ಲಿ ಲಿಂಗಾಯತ ಪ್ರತ್ಯೇಕ ಧರ್ಮಕ್ಕಾಗಿ ಭಾರಿ ಸಮಾವೇಶ ಆಯಿತು. ಕಾಲಿಡಲು ಜಾಗ ಇರಲಿಲ್ಲ. 2018ರ ಮಾರ್ಚಿನಲ್ಲಿ ರಾಜ್ಯ ಸರಕಾರ ಕೇಂದ್ರಕ್ಕೆ ಶಿಫಾರಸು ಮಾಡಲು ಒಪ್ಪಿತು. ಮೇನಲ್ಲಿ ಚುನಾವಣೆ. ಆ ಹೋರಾಟದಲ್ಲಿ ಮುಂದೆ ನಿಂತಿದ್ದ ಇಬ್ಬರು ಸಚಿವರು ನಮ್ಮ ಕಡೆಯವರು. ಭಾಲ್ಕಿಯಲ್ಲಿ ಈಶ್ವರ ಖಂಡ್ರೆ ಗೆದ್ದರು, ಸೇಡಂನಲ್ಲಿ ಶರಣಪ್ರಕಾಶ ಪಾಟೀಲ್ ಸೋತರು. ಹೋರಾಟ ಒಂದೇ, ಫಲ ಎರಡು. ಸಮಾವೇಶಕ್ಕೆ ಬಂದವರೆಲ್ಲ ಓಟಿಗೂ ಹಾಗೇ ಬರ್ತಾರೆ ಅಂದುಕೊಂಡವರಿಗೆ ಲೆಕ್ಕ ತಪ್ಪಿತು.

ಮುಸ್ಲಿಮರ ಓಟು ‘ಒಂದೇ ಕಡೆ ಬೀಳುತ್ತೆ’ ಅನ್ನೋದನ್ನು ಜಾಸ್ತಿ ಹೇಳೋದು ಮುಸ್ಲಿಂ ಓಣಿಗೆ ಕಾಲಿಡದವರು. ಬೀದರ್, ಕಲಬುರಗಿ ಜಿಲ್ಲೆಗಳಲ್ಲಿ ಐವರಲ್ಲಿ ಒಬ್ಬರ ಆಸುಪಾಸು ಮುಸ್ಲಿಮರು. ಬಿಜೆಪಿಯನ್ನು ಸೋಲಿಸಬಲ್ಲವರು ಯಾರು ಅಂತ ಹುಡುಕುವಾಗ ಒಂದಾಗ್ತಾರೆ. ಆ ಹೆದರಿಕೆ ಇಲ್ಲದ ಕಡೆ, ಪಂಚಾಯ್ತಿ, ನಗರಪಾಲಿಕೆಗಳಲ್ಲಿ, ಎಲ್ಲರಂತೆ ಒಡೆದು ಹೋಗ್ತಾರೆ. ಹೆದರಿಕೆ ಹೋದರೆ ಒಗ್ಗಟ್ಟೂ ಸಡಿಲ. ಇದು ಯಾವ ಧರ್ಮಕ್ಕೂ ಹೊರತಲ್ಲ.

ಕಾನೂನು ಏನು ಹೇಳುತ್ತೆ ಅಂತಲೂ ಕೆಲವರು ಕೇಳ್ತಾರೆ. 1951ರ ಜನಪ್ರತಿನಿಧಿ ಕಾಯ್ದೆಯ 123(3)ರ ಪ್ರಕಾರ ಧರ್ಮ, ಜನಾಂಗ, ಜಾತಿ, ಸಮುದಾಯ, ಭಾಷೆ ಹೆಸರಲ್ಲಿ ಓಟು ಕೇಳೋದು ಭ್ರಷ್ಟ ನಡವಳಿಕೆ, ಆಯ್ಕೆಯೇ ರದ್ದಾಗಬಹುದು. ಅಭ್ಯರ್ಥಿಯ ಧರ್ಮ ಅಷ್ಟೇ ಅಲ್ಲ, ಮತದಾರರ ಧರ್ಮದ ಹೆಸರಲ್ಲಿ ಕೇಳಿದರೂ ತಪ್ಪು ಅಂತ 2017ರ ಜನವರಿ 2ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 4–3ರಲ್ಲಿ ಹೇಳಿತು. ಆದರೆ ಕೇಳೋದು ತಪ್ಪು, ಹಾಕೋದು ತಪ್ಪಲ್ಲ. ಒಂದು ಸಮುದಾಯಕ್ಕೆ ಅಂತಲೇ ಸರಕಾರ ಅಭಿವೃದ್ಧಿ ನಿಗಮ ಮಾಡಿಕೊಟ್ಟರೂ ಈ ಕಲಂ ಅಡ್ಡ ಬರಲ್ಲ. ಬಸವಕಲ್ಯಾಣ ಉಪಚುನಾವಣೆ ಮುಂದಿರುವಾಗಲೇ, 2020ರ ನವೆಂಬರಿನಲ್ಲಿ, 50 ಕೋಟಿಯ ಮರಾಠಾ ಅಭಿವೃದ್ಧಿ ನಿಗಮ ಘೋಷಣೆ ಆಗಿದ್ದು ನೆನಪಿದೆಯಲ್ಲ? ಆ ಊರಲ್ಲಿ ಮರಾಠರ ಓಟು ಎಷ್ಟು ಭಾರ ಅಂತ ಗೊತ್ತಿದ್ದವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಕಾಕಾ ಮೊನ್ನೆ ಮತ್ತೆ ಸಿಕ್ಕಿದ್ದರು. ಅದೇ ಹೋಟೆಲ್, ಅದೇ ಹಾಳೆ, ಮಡಿಕೆಗಳಲ್ಲಿ ಹರಿದಿದೆ. ಪ್ರತಿ ಬೂತಿನ ಮುಂದೆ ಪೆನ್ನಿನಲ್ಲಿ ಜಾತಿ ಬರೆದಿಟ್ಟುಕೊಂಡಿದ್ದಾರೆ. ಗೌಡರ ಓಣಿ ಮುಂದೆ ಮಾತ್ರ ಮೊದಲು ಬರೆದದ್ದನ್ನು ಹೊಡೆದು ಹಾಕಿ, ಪಕ್ಕದಲ್ಲಿ ಒಂದು ಮೊಬೈಲ್ ನಂಬರ್ ಬರೆದಿದ್ದರು. ಯಾರದು ಅಂತ ಕೇಳಿದೆ.

‘ಜೀಪ್ ತಂದಿದ್ನಲ್ಲ, ಅವಂದು’ ಅಂದರು. ‘ಈ ಸಲ ನಮ್ಮ ಕಡಿ ಬರ್ತಾನೇನೋ ಕೇಳ್ತೀನಿ.’