ತಲೆ ಬಗ್ಗಿಸಿ ಮಣ್ಣು ಸೀಳುವ ಅಲಸಂಡೆ

ಮೊದಲ ಮಳೆ ಬಿದ್ದ ಕೂಡಲೇ ನಮ್ಮ ಬದಿಯಡ್ಕದ ಕಡೆ ಅಲಸಂಡೆ ಬಿತ್ತು ಹುಡುಕುವ ಗಡಿಬಿಡಿ. ಈ ಸಲ ಹಿತ್ತಲ ಸಾಲಿನಲ್ಲಿ ಬಿತ್ತುವಾಗ ನಾಲ್ಕು ಬೀಜ ಉಳಿಸಿಕೊಂಡೆ. ಗಾಜಿನ ಲೋಟದೊಳಗೆ ಒದ್ದೆ ಬಟ್ಟೆ ಸುತ್ತಿ, ಗಾಜಿಗೂ ಬಟ್ಟೆಗೂ ನಡುವೆ ಬೀಜ ಸಿಕ್ಕಿಸಿ ಜಗಲಿಯಲ್ಲಿಟ್ಟೆ. ಮಣ್ಣಿನೊಳಗೆ ಏನಾಗುತ್ತದೆ ಎಂದು ಕಣ್ಣಾರೆ ನೋಡಬೇಕಿತ್ತು.

ಮೊದಲ ದಿನ ಬೀಜ ಸುಮ್ನೆ ನೀರು ಕುಡಿದು ಉಬ್ಬಿತು. ಜೀವ ಹೋದ ಬೀಜವೂ ಹೀಗೇ ಉಬ್ಬುತ್ತದೆ. ಹಾಗಾಗಿ ಬೇರು ಇಣುಕುವವರೆಗೆ ನಂಬುವಂತಿಲ್ಲ. ಮರುದಿನ ಬಿಳಿ ತುದಿ ಕಂಡಿತು. ಬೀಜ ಅಡ್ಡ ಬಿದ್ದಿರಲಿ, ತಲೆಕೆಳಗಾಗಿರಲಿ, ಬೇರು ಮಾತ್ರ ಕೆಳಕ್ಕೇ ಇಳಿಯಿತು. ಬೇರಿನ ತುದಿಯ ಟೊಪ್ಪಿಯಲ್ಲಿ ಪಿಷ್ಟದ ಪುಟ್ಟ ಕಾಳುಗಳಿವೆ. ಭಾರಕ್ಕೆ ಅವು ಕೋಶದ ತಳದಲ್ಲಿ ಕೂರುತ್ತವೆ. ಕೆಳಗೆ ಯಾವುದೆಂದು ಬೇರಿಗೆ ತಿಳಿಯುವುದು ಹೀಗೆ. 1806ರಲ್ಲಿ ಇಂಗ್ಲೆಂಡಿನ ಸಸ್ಯತಜ್ಞ ಥಾಮಸ್ ಆಂಡ್ರ್ಯೂ ನೈಟ್, ನೀರಿನ ಬಲದಿಂದ ತಿರುಗುವ ಚಕ್ರದ ಅಂಚಿಗೆ ಬೀನ್ಸ್ ಬೀಜ ಕಟ್ಟಿ ಮೊಳೆಯಿಸಿದರು. ಬೇರುಗಳು ಚಕ್ರದ ಹೊರಕ್ಕೆ ಹೊರಟವು, ಕುಡಿಗಳು ನಡುವಿಗೆ! ಚಕ್ರದ ಎಸೆತವನ್ನೇ ಅವು ಭೂಮಿಯ ಸೆಳೆತ ಅಂದುಕೊಂಡವು.

ನನಗೆ ಜಾಸ್ತಿ ಇಷ್ಟವಾದದ್ದು ಕುಡಿಯ ಕೆಲಸ. ಲೋಟದಲ್ಲಿ ಅದು ಬೇಗ ನೆಟ್ಟಗಾಯಿತು. ಸಾಲಿನ ಮಣ್ಣು ಸರಿಸಿ ನೋಡಿದರೆ ಅಲ್ಲಿ ಕೊಕ್ಕೆಯಂತೆ ಬಾಗಿತ್ತು. ನಮ್ಮ ಕೆಂಪು ಮಣ್ಣು ಗೊತ್ತಲ್ವಾ, ಮಳೆ ಬಿಟ್ಟು ಎರಡು ದಿನ ಬಿಸಿಲು ಬಿದ್ದರೆ ಹೆಪ್ಪುಗಟ್ಟುತ್ತದೆ. ಎಳೆ ತುದಿ ನೇರ ಗುದ್ದಿದರೆ ಜಜ್ಜಿಹೋದೀತು. ಅದಕ್ಕೇ ಬಾಗಿದ ಕತ್ತು ಮುಂದೆ ನುಗ್ಗುತ್ತದೆ, ತಲೆ ಅದರ ಹಿಂದೆ ಎಳೆದುಕೊಂಡು ಬರುತ್ತದೆ. ಕತ್ತಲಲ್ಲಿ ಆ ಬಾಗು ಬಿಚ್ಚದಂತೆ ಹಿಡಿದಿಡುವುದು ಎಥಿಲೀನ್ ಅನಿಲ. ನಮ್ಮ ಬಾಳೆಗೊನೆ ಹಣ್ಣಾಗಿಸುವುದೂ ಅದೇ. ಬೆಳಕು ತಾಗಿದ ಮೇಲೆ ಕತ್ತು ನಿಧಾನವಾಗಿ ನೆಟ್ಟಗಾಗುತ್ತದೆ.

ಅಲಸಂಡೆ ತನ್ನ ಎರಡು ಬೇಳೆಗಳನ್ನೂ ಮೇಲಕ್ಕೆ ಹೊತ್ತು ತರುತ್ತದೆ. ಕಡಲೆ, ತೊಗರಿ ಹಾಗಲ್ಲ, ಬೇಳೆಯನ್ನು ಮಣ್ಣಲ್ಲೇ ಬಿಟ್ಟು ಬರುತ್ತವೆ. ಅವುಗಳ ಕುಡಿಯನ್ನು ಕೋಳಿ ಕುಕ್ಕಿದರೂ ಮಣ್ಣೊಳಗಿನ ಮೊಗ್ಗಿನಿಂದ ಮತ್ತೆ ಚಿಗುರಬಹುದು. ಅಲಸಂಡೆಯನ್ನು ಬೇಳೆಗಿಂತ ಕೆಳಗೆ ಕಡಿದರೆ ಮುಗಿಯಿತು. ನಮ್ಮ ಸಾಲಿನಲ್ಲಿ ಹೀಗೆ ಮೂರು ಸಸಿ ಹೋದವು, ಬೇಜಾರಾಯಿತು.

ಉಳಿದವುಗಳಲ್ಲಿ ಮೊದಲು ಎದುರುಬದುರಾಗಿ ಎರಡು ಒಂಟಿ ಎಲೆ ಬಂದವು. ಆಮೇಲೆ ಮೂರು ಎಸಳಿನದು. ಕೂಡಿಟ್ಟ ಆಹಾರ ತೀರಿದ ಬೇಳೆಗಳು ಸುಕ್ಕಾಗಿ ಉದುರಿದವು. ಬಳ್ಳಿ ಹಬ್ಬಲು ಇವತ್ತು ಕೋಲು ಊರಿದೆ.